ಭಾಗಮ್ಮನ ಎಡಗೈ

"ನಿಮ್ಮ ಕೈ ನಾ ಕಟ್ಟಂಗಿಲ್ಲ ಅತ್ತಿ. ಯಾರಿಗೂ ಕಟ್ಟಗೊಡಂಗಿಲ್ಲ."

ಜಯಮಾಲಾ ಈ ಮಾತು ಕೊಟ್ಟದ್ದು 1979ರ ಬೇಸಿಗೆಯಲ್ಲಿ, ಬಸವಕಲ್ಯಾಣದ ಮನೆಯ ಹಿತ್ತಲಲ್ಲಿ, ಬೂದಿ ಮೆತ್ತಿದ ಕೈಯಿಂದ. ಕೊಡಂಬಲದಿಂದ ಸೊಸೆಯಾಗಿ ಬಂದು ಆಗಿನ್ನೂ ಮೂರು ತಿಂಗಳು ತುಂಬಿರಲಿಲ್ಲ. ಹಿಂದಿನ ದಿನವಷ್ಟೇ ಗಂಡನ ಅಜ್ಜಿಯನ್ನು ಮಣ್ಣು ಮಾಡಿ ಬಂದಿದ್ದರು. ಅತ್ತೆ ಭಾಗಮ್ಮ ಹಂಡೆ ತಿಕ್ಕುತ್ತಿದ್ದವಳು ಒಮ್ಮೆಲೇ ಕೈ ನಿಲ್ಲಿಸಿ ಹೇಳಿದ್ದಳು:

"ನಿನ್ನಿ ನೋಡಿದಿಲ್ಲೋ? ಅಯ್ಯನವರು ಆಕಿ ಎಡಗೈಯಾಗ ಲಿಂಗ ಇಟ್ಟು ಬೆರಳು ಮಡಚಾಕ ಹೋದ್ರ ಮಡಚಲಿಲ್ಲ. ಮುಂಗೈ ಬಾತು ಹಲಗಿ ಆಗಿತ್ತು. ದಾರ ಸುತ್ತಿ ಕೂಡಿಸಿದ್ರು. ಕಡೀಗೆ ಲಿಂಗಪ್ಪನ್ನ ಹಿಡಿಯಾಕೂ ಕೈ ಬರಲಿಲ್ಲ ನಮ್ಮತ್ತಿಗೆ. ಆ ಕೈ ಕಟ್ಟಿದಾಕಿ ಯಾರು? ನಾನೇ."

ಮುದುಕಿಗೆ ಎರಡು ವರ್ಷದಿಂದ ಬುದ್ಧಿ ಸ್ಥಿಮಿತವಿರಲಿಲ್ಲ. ಒಲೆಯ ಕೆಂಡಕ್ಕೆ ಕೈ ಹಾಕುತ್ತಿದ್ದಳು, ಸೀರೆ ಬಿಚ್ಚಿ ಓಣಿಗೆ ನಡೆಯುತ್ತಿದ್ದಳು. ಮನೆಯ ಗಂಡಸರು ಇದನ್ನು ನೋಡಿ ಹೊರಗೆ ಹೋಗಿ ಕೂಡುತ್ತಿದ್ದರು. ಹೊಲಕ್ಕೂ ಹೋಗಿ ಅಡಿಗೆಯನ್ನೂ ಮಾಡಬೇಕಿದ್ದ ಭಾಗಮ್ಮ ಹಳೆಯ ಧೋತರ ಹರಿದು ಅವಳನ್ನು ಮಂಚಕ್ಕೆ ಕಟ್ಟುತ್ತಿದ್ದಳು.

"ನನಗೂ ಹಂಗ ಆದ್ರ ಆಗ್ಲಿ. ಬುದ್ಧಿ ಹೋದ್ರ ಯಾರೇನು ಮಾಡಾಕ ಬರ್ತದ? ಆದ್ರ ಕೈ ಕಟ್ಟಬ್ಯಾಡ ಜಯಾ. ಈ ಎಡಗೈ ನಂದಲ್ಲ, ಲಿಂಗಪ್ಪನ ಗದ್ದಿಗಿ."

ಹತ್ತೊಂಬತ್ತು ವರ್ಷದ ಹುಡುಗಿಗೆ ಮಾತು ಕೊಡುವುದು ಎಷ್ಟು ಹೊತ್ತಿನ ಕೆಲಸ? ಕೊಟ್ಟಳು. ಭಾಗಮ್ಮ ಮತ್ತೆ ಹಂಡೆ ತಿಕ್ಕಿದಳು. ಇಬ್ಬರೂ ಆ ಸುದ್ದಿ ಮತ್ತೆ ಎತ್ತಲಿಲ್ಲ.

ಹಾಗೆ ಎತ್ತುವ ಪ್ರಸಂಗವೂ ಬರಲಿಲ್ಲ. ಭಾಗಮ್ಮನಷ್ಟು ಚುರುಕು ತಲೆ ಆ ಓಣಿಯಲ್ಲೇ ಇರಲಿಲ್ಲ. ಮಾವ ಬಕ್ಕಪ್ಪ ತೀರಿಕೊಂಡ ವರ್ಷ ಜಯಮಾಲಾಳಿಗೆ ನಾರಾಯಣಪುರದ ಅಂಗನವಾಡಿಯಲ್ಲಿ ಕೆಲಸ ಸಿಕ್ಕಿತು. ಗಂಡ ಬಸವಕುಮಾರ, ಬಜಾರಿನಲ್ಲಿ ಕಿರಾಣಿ ಅಂಗಡಿ ಇಟ್ಟವನು, "ಮಂದಿ ಏನಂತಾರ" ಎಂದು ಮುಖ ಸಣ್ಣದು ಮಾಡಿದಾಗ ಭಾಗಮ್ಮನೇ ಸೊಸೆಯ ಬೆನ್ನಿಗೆ ನಿಂತಳು. "ಮಂದಿ ಬಂದು ನಿನ್ನ ಮಗಳಿಗೆ ಫ್ರಾಕ್ ಹೊಲಿಸ್ತಾರೇನೋ? ಹೋಗ್ಲಿ ಬಿಡು ಆಕಿ. ಕೂಸಿನ್ನ ನಾ ನೋಡ್ತೀನಿ." ಮನೀಷಾಳನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದವಳು ಅಜ್ಜಿಯೇ.

ಸಂಜೆ ಜಯಮಾಲಾ ಬಸ್ಸಿಳಿದು ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅತ್ತೆಯ ಹಾಜರಿ ಸುರುವಾಗುತ್ತಿತ್ತು.

"ಸಿದ್ದಪ್ಪನ ಮೊಮ್ಮಗಳು ಉಪ್ಪಿಟ್ಟು ತಿಂದಳೇನು?"

"ತಿಂದಳ್ರಿ."

"ಆ ಕಿವಿ ಸೋರೋದು, ನರಸಿಂಗನ ಎರಡನೇದು?"

"ಬಂದಿಲ್ರಿ."

"ಮೂರು ದಿನ ಆತು. ನಾಳಿ ಮನೀಗೆ ಹೋಗಿ ನೋಡು. ಸುಮ್ಮ ಕೂಡಬ್ಯಾಡ."

ಭಾಗಮ್ಮ ಆ ಮಕ್ಕಳಲ್ಲಿ ಒಂದನ್ನೂ ಕಣ್ಣಾರೆ ಕಂಡವಳಲ್ಲ. ನಲವತ್ತೆರಡು ಮಕ್ಕಳು, ಅವರ ಅವ್ವಂದಿರು, ಜ್ವರ, ಹಲ್ಲು, ಹಠ ಎಲ್ಲವೂ ಅವಳ ತಲೆಯಲ್ಲಿದ್ದವು. ಜಯಮಾಲಾ ರಿಜಿಸ್ಟರ್ ತೆಗೆದು ನೋಡಬೇಕಾದದ್ದನ್ನು ಅತ್ತೆ ಎಲೆಯಡಿಕೆ ಮಡಚುತ್ತ ಹೇಳಿಬಿಡುತ್ತಿದ್ದಳು. ಮುಂಜಾನೆ ಮಾತ್ರ ಅವಳನ್ನು ಯಾರೂ ಮಾತಾಡಿಸುವ ಹಾಗಿರಲಿಲ್ಲ. ಜಳಕ ಮಾಡಿ, ಕೊರಳಿನ ಕರಡಿಗೆ ಬಿಚ್ಚಿ, ಲಿಂಗವನ್ನು ಎಡಗೈಯ ನಡುವೆ ಇಟ್ಟುಕೊಂಡು ಕೂತರೆ ಒಂದು ತಾಸು. ಅದಾಗದೆ ಗುಟುಕು ನೀರು ಸಹ ಗಂಟಲಿಗೆ ಇಳಿಯುತ್ತಿರಲಿಲ್ಲ. ಒಮ್ಮೆ ಪಕ್ಕದ ಮನೆಯವಳು, ಮುಟ್ಟಾದಾಗ ಲಿಂಗ ಮೈಲಿಗೆ ಆಗುವುದಿಲ್ಲವೇ ಎಂದು ಕೇಳಿದ್ದಕ್ಕೆ ಭಾಗಮ್ಮ ನಕ್ಕಿದ್ದಳು: "ನಮ್ಮ ಕಲ್ಯಾಣದಾಗ ಹುಟ್ಟಿ ಇದೇನು ಕೇಳ್ತೀಯವ್ವಾ? ಲಿಂಗಕ್ಕ ಮೈಲಿಗಿ ಎಲ್ಲಿಂದ ಬರ್ತದ?"

ಆ ಮಾತನ್ನು ಆಗ ಅಂಗಳದಲ್ಲಿ ಪೇಪರು ಓದುತ್ತಿದ್ದ ಬಸವಕುಮಾರನೂ ಕೇಳಿದ್ದ. ಮರೆತ.

1997ರ ಮಾರ್ಚ್. ಮನೀಷಾಳ ಹತ್ತನೆಯ ಇಯತ್ತೆಯ ಪರೀಕ್ಷೆಗೆ ಹನ್ನೆರಡು ದಿನ ಇತ್ತು. ಭಾಗಮ್ಮನ ಹೊಟ್ಟೆ ಒಂದು ಮಧ್ಯಾಹ್ನ ಉಬ್ಬಿಕೊಂಡಿತು. ಅಜ್ವಾನ ತಿಂದಳು, ಬಿಸಿನೀರು ಕುಡಿದಳು, ಸಂಜೆಗೆ ಬಾಯಿಯಿಂದ ಹಸಿರು ವಾಂತಿ. ಎರಡು ದಿನದಿಂದ ಹೊರಕಡೆಗೂ ಆಗಿಲ್ಲ, ಗಾಳಿಯೂ ಹೋಗಿಲ್ಲ ಎಂದು ಆಗ ಬಾಯಿ ಬಿಟ್ಟಳು. ಹೊಟ್ಟೆ ಬಾರಿಸಿದರೆ ಹಲಗೆಯ ಹಾಗೆ ಸದ್ದು. ಊರಿನ ಡಾಕ್ಟರು ಮುಟ್ಟಿ ನೋಡಿದವರೇ, "ಇಲ್ಲಿ ಕೂಡಿಸಬ್ಯಾಡ್ರಿ, ಹುಮನಾಬಾದಕ್ಕ ಒಯ್ರಿ" ಎಂದರು. ಬಂಗ್ಲಾ ಕ್ರಾಸಿನವರೆಗೆ ಆಟೋ, ಅಲ್ಲಿಂದ ಹೆದ್ದಾರಿಗುಂಟ ಜೀಪು. ಪ್ರತಿ ತಗ್ಗಿಗೂ ಭಾಗಮ್ಮ ಎಡಗೈಯಿಂದ ಕರಡಿಗೆ ಬಿಗಿ ಹಿಡಿಯುತ್ತಿದ್ದಳು.

"ಕರುಳು ತಿರುಚಿಕೊಂಡದ" ಎಂದರು ಅಲ್ಲಿಯ ದೊಡ್ಡ ಡಾಕ್ಟರು. "ಸತ್ತ ತುಂಡು ಕತ್ತರಿಸಿ ತೆಗೆದು, ಉಳಿದದ್ದು ಜೋಡಿಸಬೇಕು. ಈಗಿಂದೀಗ. ಸಹಿ ಮಾಡ್ರಿ."

ಜಯಮಾಲಾ ಚೀಟಿ ಹಿಡಿದು ಔಷಧದ ಅಂಗಡಿಗೆ ಓಡಿದಳು. ಅವಳು ತಿರುಗಿ ಬರುವುದರೊಳಗೆ ಅತ್ತೆಯನ್ನು ಒಳಗೆ ಒಯ್ದಿದ್ದರು. ಬಸವಕುಮಾರ ಗೋಡೆಗೆ ಆತು ನಿಂತಿದ್ದ. ಅವನ ಅಂಗಿಯ ಕಿಸೆ ಉಬ್ಬಿತ್ತು.

"ಮೈಮ್ಯಾಲಿಂದೆಲ್ಲಾ ತೆಗೀರಿ ಅಂದ್ರು" ಎಂದ. "ಬಳಿ, ಮೂಗುಬಟ್ಟು, ಲಿಂಗ. ಲಿಂಗ ಬಿಡವಲ್ಲಳಾಗಿದ್ದಳು. ನಾ ಬೆರಳು ಬಿಡಿಸಿ ತಗೊಂಡೆ."

ಆಪರೇಶನ್ ಮೂರು ತಾಸು ಆಯಿತು. ಬಸವಕುಮಾರ ಮರುದಿನ ಮುಂಜಾನೆ ಅಂಗಡಿ ತೆರೆಯಲು ಕಲ್ಯಾಣಕ್ಕೆ ಹೋಗುವಾಗ ಲಿಂಗವನ್ನೂ ಒಯ್ದ. "ಇಲ್ಲಿ ಹೇಲು ಉಚ್ಚಿ, ರಗತ, ಕೀವು. ಎಲ್ಲಿ ಇಡ್ತೀ? ಮನ್ಯಾಗ ಜಗಲಿ ಮ್ಯಾಲ ಇಟ್ಟು ನಾನೇ ದಿನಾ ಪತ್ರಿ ಏರಸ್ತೀನಿ. ಮನೀಗೆ ಬಂದು ಜಳಕ ಮಾಡಿದ ಮ್ಯಾಲ ಕಟ್ಟಿಕೊಳ್ಳಲಿ." ಜಯಮಾಲಾ ಹೂಂ ಎಂದಳು. ಅತ್ತೆಯ ಚಷ್ಮಾ ಒಡೆದೀತೆಂದು ಅದನ್ನೂ ಅವಳೇ ತನ್ನ ಚೀಲದ ತಳಕ್ಕೆ ಸೇರಿಸಿಟ್ಟಿದ್ದಳು. ಎಲ್ಲವೂ ಜೋಪಾನವಾಗಿತ್ತು. ಇಷ್ಟು ಜೋಪಾನ ಮಾಡಿದ ಮನೆ ಇನ್ನೊಂದಿರಲಿಕ್ಕಿಲ್ಲ.

ಆ ದಿನ ಮಧ್ಯಾಹ್ನ ಭಾಗಮ್ಮ ಚೆನ್ನಾಗಿ ಕಣ್ಣು ತೆರೆದಳು. ಮೂಗಿನಲ್ಲಿ ನಳಿ, ಕೈಗೆ ಸಲಾಯಿನ್, ಹೊಟ್ಟೆಯ ಮೇಲೆ ದಪ್ಪ ಬಟ್ಟೆ. ಆದರೆ ಮಾತು ಸ್ವಚ್ಛವಾಗಿತ್ತು.

"ಮನೀಷಾಗ ಊಟಕ್ಕ ಯಾರು ಹಾಕ್ತಾರ?"

"ಪಕ್ಕದ ಮನಿಯಿಂದ ಕೊಡ್ತಾರ್ರಿ ಅತ್ತಿ. ಫಿಕರ್ ಮಾಡಬ್ಯಾಡ್ರಿ."

"ನನ್ನ ಲಿಂಗ?"

"ಮನ್ಯಾಗ ಅದರಿ, ಜಗಲಿ ಮ್ಯಾಲ. ಇಲ್ಲಿ ಮೈಲಿಗಿ ಅಂತ ಅವರು ಒಯ್ದಾರ."

ಭಾಗಮ್ಮ ಸೊಸೆಯ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಮುಖ ಗೋಡೆಯ ಕಡೆಗೆ ತಿರುಗಿಸಿದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳ ಎಡಗೈ ಎದ್ದಿತು. ಎದೆಯ ಮೇಲೆ ಸವರಿತು, ಕೊರಳಿಗೆ ಹೋಯಿತು, ಹೊದಿಕೆಯ ಕೆಳಗೆ ತಡಕಾಡಿತು. ಹಾದಿಯಲ್ಲಿ ಮೂಗಿನ ನಳಿ ಸಿಕ್ಕಿತು. ಎಳೆದಳು. ಸಲಾಯಿನ್ ಸೂಜಿ ಕಿತ್ತು ಹಾಸಿಗೆಯೆಲ್ಲ ರಕ್ತ. "ತಾರ್ರಿ... ಎಲ್ಲಿಟ್ಟೀರಿ, ತಾರ್ರಿ" ಎಂದು ಕೂಗು. ಆಚೆ ಮಂಚದ ಹೆರಿಗೆಯಾದವಳ ಕೂಸು ಬೆಚ್ಚಿ ಅಳತೊಡಗಿತು.

ಆಯಾ ಗಂಗುಬಾಯಿ ಬಂದು ಸೊಂಟಕ್ಕೆ ಕೈ ಇಟ್ಟು ನಿಂತಳು. ಇಪ್ಪತ್ತು ವರ್ಷ ಈ ವಾರ್ಡಿನ ಬಕೆಟ್ಟು ಎತ್ತಿದವಳು, ಅವಳಿಗೆ ಹೊಸದು ಯಾವುದೂ ಇಲ್ಲ.

"ಏ ಕಲ್ಯಾಣದ ಸಾಹುಕಾರ್ತಿ, ಏನು ಕಳಕೊಂಡಿ? ಬಂಗಾರದ ಡಾಬೇನು?" ಎಂದು ಭಾಗಮ್ಮನಿಗೆ ಅಂದು, ಜಯಮಾಲಾಳ ಕಡೆಗೆ ತಿರುಗಿದಳು. "ಹೊಟ್ಟಿ ಕೊಯ್ದ ಮುದುಕೇರೆಲ್ಲಾ ಸಂಜಿ ಆದ್ರ ಹಿಂಗೇ ಮಾಡ್ತಾರವ್ವಾ. ನಳಿ ಕಿತ್ತರ ಒಳಗಿನ ಹೊಲಿಗಿ ಬಿಟ್ಟೀತು ಅಂತ ಡಾಕ್ಟರ್ ಬೈತಾರ. ಎರಡು ಹಾದಿ ಅವ. ಕೈ ಮಂಚಕ್ಕ ಕಟ್ಟೋದು, ಇಲ್ಲಾ ನಿದ್ದಿ ಸೂಜಿ ಮಾಡಸೋದು. ಯಾವುದು ಮಾಡ್ಲಿ ಹೇಳು."

ಅವಳ ಹೆಗಲ ಮೇಲೆ ಬ್ಯಾಂಡೇಜು ಪಟ್ಟಿ ಆಗಲೇ ಸಿದ್ಧವಾಗಿ ಜೋತಾಡುತ್ತಿತ್ತು. ಜಯಮಾಲಾಳಿಗೆ ಆ ಪಟ್ಟಿಯಲ್ಲಿ ಹಳೆಯ ಧೋತರ ಕಂಡಿತು.

"ಕೈ ಕಟ್ಟಬ್ಯಾಡ್ರಿ" ಎಂದಳು. "ಸೂಜಿ ಮಾಡಸ್ರಿ."

ಸಿಸ್ಟರ್ ಬಂದು ಸೂಜಿ ಮಾಡಿದಳು. ಹತ್ತು ಎಣಿಸುವುದರೊಳಗೆ ಭಾಗಮ್ಮನ ಎಡಗೈ ಎದೆಯ ಮೇಲಿಂದ ಜಾರಿ ಪಕ್ಕಕ್ಕೆ ಬಿತ್ತು. ಹೇಳಬಾರದು, ಆದರೂ ಆ ಹೊತ್ತು ಜಯಮಾಲಾಳಿಗೆ ಹೆಮ್ಮೆಯಾಯಿತು. ಹದಿನೆಂಟು ವರ್ಷದ ಹಿಂದಿನ ಮಾತು, ಅತ್ತೆಯೇ ಮರೆತಿರಬಹುದಾದ ಮಾತು, ತಾನು ನಡೆಸಿದೆನಲ್ಲ ಎಂದು. ಮಂಚದ ಕೆಳಗೆ ಚಾಪೆ ಹಾಸಿ ಒರಗಿದವಳಿಗೆ ಹಿಂದಿನ ರಾತ್ರಿ ಕೆಟ್ಟ ನಿದ್ದೆ ಒಮ್ಮೆಲೇ ಕವಿಯಿತು.

ಮರುದಿನ ಭಾಗಮ್ಮ ಅರ್ಧ ಕಣ್ಣು ತೆರೆದಳು. ಸಂಜೆ ಮತ್ತೆ ಕೈ ಎದ್ದಿತು. ಈ ಸಲ ಗಂಗುಬಾಯಿ ಕೇಳುವ ಮೊದಲೇ ಜಯಮಾಲಾ ಹೋಗಿ ಸಿಸ್ಟರನ್ನು ಕರೆದಳು. ಮೂರನೆಯ ದಿನ ಭಾಗಮ್ಮ ಹಾಡಹಗಲೇ ತಡಕಾಡತೊಡಗಿದಳು, ಹಗಲಿಗೂ ಒಂದು ಸೂಜಿ ಆಯಿತು. ನಾಲ್ಕನೆಯ ದಿನ ಹಗಲಿಗೇ ಎರಡು. ಕಣ್ಣು ತೆರೆದಾಗ ಗೋಡೆಯ ಮೇಲೆ ಇರುವೆ ಹರಿದಾಡುತ್ತಿವೆ ಎನ್ನುತ್ತಿದ್ದಳು, ಗಂಗುಬಾಯಿಯನ್ನು ಸತ್ತ ಅತ್ತೆ ಎಂದುಕೊಂಡು ಕಾಲು ಎಳೆದುಕೊಳ್ಳುತ್ತಿದ್ದಳು. ದೊಡ್ಡ ಡಾಕ್ಟರು ಮುಂಜಾನೆ ಬರುತ್ತಿದ್ದರು, ಹೊಟ್ಟೆಯ ಬಟ್ಟೆ ಎತ್ತಿ ನೋಡುತ್ತಿದ್ದರು, "ಛಲೋ ಅದ" ಎನ್ನುತ್ತಿದ್ದರು. ಅವರ ಕಣ್ಣು ಹೊಟ್ಟೆ ಬಿಟ್ಟು ಮುಖದವರೆಗೆ ಎಂದೂ ಏರಲಿಲ್ಲ.

ಕೈ ಮಾತ್ರ ಕಟ್ಟಿರಲಿಲ್ಲ. ಬಸವಕುಮಾರ ಬಂದಾಗ ಜಯಮಾಲಾ ಅದನ್ನು ಹೇಳಿಯೂ ಹೇಳಿದಳು. ಅವನು ತಾನು ದಿನಾ ಲಿಂಗಕ್ಕೆ ಮಲ್ಲಿಗೆ ಏರಿಸುತ್ತಿರುವುದನ್ನು ಹೇಳಿದ.

ಐದನೆಯ ದಿನ ಮೊಹಿನುದ್ದೀನ್ ಎಂಬ ಹೊಸ ಡಾಕ್ಟರು ವಾರ್ಡಿಗೆ ಬಂದರು. ಗುಲಬರ್ಗಾದಲ್ಲಿ ಓದು ಮುಗಿಸಿ ವಾರವಾಗಿತ್ತಷ್ಟೇ, ಕೋಟಿನ ಮಡಿಕೆ ಇನ್ನೂ ಬಿಚ್ಚಿರಲಿಲ್ಲ. ಅವರು ಹೊಟ್ಟೆ ನೋಡುವ ಮೊದಲು ಮಂಚದ ಅಂಚಿಗೆ ಕೂತರು.

"ಅಮ್ಮಾ, ನಿಮ್ಮ ಹೆಸರೇನ್ರಿ?"

ಭಾಗಮ್ಮ ತುಟಿ ಅಲ್ಲಾಡಿಸಿದಳು.

"ಇವತ್ತು ಯಾವ ವಾರ?"

ಅವಳ ಕಣ್ಣು ಮುಚ್ಚಿಕೊಂಡವು. ಡಾಕ್ಟರು ಕೇಸ್ ಪೇಪರ್ ತಿರುವಿದರು. ಬೆರಳಿಟ್ಟು ಎಣಿಸಿದರು.

"ಏಳು ಸೂಜಿ ಆಗ್ಯಾವ. ಯಾರು ಕೇಳಿದ್ದು?"

"ನಾನೇರಿ" ಎಂದಳು ಜಯಮಾಲಾ. "ರಾತ್ರಿ ನಿದ್ದಿ ಆಗ್ಲಿ ಅಂತ."

"ಅದು ನಿದ್ದಿ ಅಲ್ಲವ್ವಾ, ಬೇಹೋಶಿ. ವಯಸ್ಸಾದವರು, ಕರುಳು ಕೊಯ್ದದ್ದು, ಮೈಯಾಗ ನಂಜು. ತಲಿ ಮೊದಲೇ ದಾರಿ ತಪ್ಪಿರ್ತದ. ಅದರ ಮ್ಯಾಲ ಇದು ಬಿದ್ರ ತಿರುಗಿ ಬರೋ ದಾರಿನೂ ಅಳಿಸಿ ಹೋಗ್ತದ. ಇವತ್ತಿನಿಂದ ಬಂದ್. ಕಿಡಕಿ ಬಾಜೂ ಮಂಚಕ್ಕ ಹಾಕಸ್ತೀನಿ, ಹಗಲು ಯಾವುದು ಸಂಜಿ ಯಾವುದು ಕಾಣ್ಲಿ. ಹೆಸರು ಹಿಡಿದು ಮಾತಾಡಸ್ರಿ. ಚಷ್ಮಾ ಇಲ್ಲೇನು ಇವರಿಗೆ?"

ಜಯಮಾಲಾ ಚೀಲದ ತಳದಿಂದ ಚಷ್ಮಾ ತೆಗೆದಳು.

"ಮನ್ಯಾಗ ದಿನಾ ಏನು ಮಾಡ್ತಿದ್ರು?"

"ಲಿಂಗಪೂಜಿರಿ. ಅದಾಗದ ನೀರು ಸುದ್ದ ಮುಟ್ಟತಿರಲಿಲ್ಲ."

"ಎಲ್ಲದ ಲಿಂಗ?"

"ಇಲ್ಲಿ ಮೈಲಿಗಿ ಆಗ್ತದಂತ ಮನ್ಯಾಗ ಇಟ್ಟಾರ."

ಮೊಹಿನುದ್ದೀನ್ ಭಾಗಮ್ಮನ ಎಡಗೈ ನೋಡಿದರು. ಅದು ಹೊದಿಕೆಯ ಮೇಲೆ ಅಂಗಾತ ತೆರೆದುಕೊಂಡು, ನಡುವೆ ತುಸು ತಗ್ಗು ಮಾಡಿಕೊಂಡು, ಕಾಯುತ್ತಿತ್ತು.

"ಮೈಲಿಗಿ ನನಗ ಗೊತ್ತಾಗಂಗಿಲ್ಲವ್ವಾ, ನಾ ನಿಮ್ಮವನಲ್ಲ. ಆದ್ರ ಈ ಕೈ ಏನೋ ಹುಡುಕಾಕತ್ತದ. ಅಷ್ಟು ಯಾರಿಗಾದ್ರೂ ಕಾಣ್ತದ."

ಯಾರಿಗಾದರೂ. ಜಯಮಾಲಾ ಐದು ದಿನ ಆ ಕೈಯ ಕೆಳಗೇ ಮಲಗಿದ್ದಳು. ಅದು ನಳಿ ಕೀಳಲು ಎದ್ದ ಕೈ ಎಂದುಕೊಂಡಿದ್ದಳು. ಲಿಂಗ ಎಲ್ಲಿ ಎಂದು ಅತ್ತೆ ಬಾಯಿಬಿಟ್ಟು ಕೇಳಿದ್ದಳು, ತಾನು ಬಾಯಿಬಿಟ್ಟು ಉತ್ತರ ಕೊಟ್ಟಿದ್ದಳು, ಆಮೇಲೂ ತಿಳಿದಿರಲಿಲ್ಲ.

ಸಿಕ್ಕ ಬಸ್ಸು ಹತ್ತಿ ಕಲ್ಯಾಣಕ್ಕೆ ಬಂದಳು. ಬಸವಕುಮಾರ ಊಟಕ್ಕೆಂದು ಮನೆಗೆ ಬಂದಿದ್ದ. ಅವಳು ಕೈಕಾಲು ಸಹ ತೊಳೆಯದೆ ಜಗಲಿಯ ಮುಂದೆ ನಿಂತದ್ದು ನೋಡಿ ತಾಟು ಬಿಟ್ಟು ಎದ್ದ.

"ತಲಿ ನೆಟ್ಟಗದ ಇಲ್ಲೋ? ದವಾಖಾನಿ ಮೈಲಿಗಿ ಸೀರಿ ಉಟ್ಟು ಲಿಂಗ ಮುಟ್ಟತೀ?"

"ನಿಮ್ಮವ್ವನ ತಲಿ ನೆಟ್ಟಗಿಲ್ಲ. ಅದಕ್ಕ ಬಂದೀನಿ."

"ಹೇಲು ಉಚ್ಚಿ ನಡುವ ಒಯ್ದು ಇಡ್ತೀಯೇನು ಇದನ್ನ?"

"ಆಕಿ ಕರುಳು ಕತ್ತರಿಸಿ ಬಕೆಟ್ಟಿನಾಗ ಒಗೆದ್ರಲ್ಲ, ಆವಾಗ ಆಕಿ ಮೈಲಿಗಿ ಆಗಲಿಲ್ಲ. ಕೈಯಾಗ ಕೊಟ್ರ ಇದು ಆಗ್ತದ? ನೀವು ಮಲ್ಲಿಗಿ ಏರಿಸ್ಕೋತ ಕೂಡ್ರಿ. ಲಿಂಗ ಇರೂ ಜಾಗಾ ಜಗಲಿ ಅಲ್ಲ."

ಒಳಗಿನ ಕೋಣೆಯಿಂದ ಮನೀಷಾ ಭೂಗೋಳದ ಪುಸ್ತಕ ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಳು. "ಯವ್ವಾ, ಆಯಿ ಹ್ಯಾಂಗಿದಾಳ?" ಎಂದಳು. ಜಯಮಾಲಾ, "ಓದು ಹೋಗು" ಎಂದು ಹೇಳಿ, ಮಲ್ಲಿಗೆ ಕೆಳಗೆ ಸರಿಸಿ, ಕರಡಿಗೆ ಎತ್ತಿ ಸೆರಗಿಗೆ ಕಟ್ಟಿಕೊಂಡಳು.

ಸಂಜೆ ಐದಕ್ಕೆ ಆಸ್ಪತ್ರೆಯ ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಭಾಗಮ್ಮನಿಗೆ ಚಷ್ಮಾ ಹಾಕಿ, ದಿಂಬು ಎತ್ತರಿಸಿ ಕೂಡಿಸಿದ್ದರು. ಜಯಮಾಲಾ ಒದ್ದೆ ಬಟ್ಟೆಯಿಂದ ಅತ್ತೆಯ ಅಂಗೈ ಒರೆಸಿ, ಹಣೆಗೆ ವಿಭೂತಿ ಹಚ್ಚಿ, ಕರಡಿಗೆಯಿಂದ ಲಿಂಗ ತೆಗೆದು ಎಡಗೈಯ ತಗ್ಗಿನಲ್ಲಿಟ್ಟಳು. ಗಂಗುಬಾಯಿ ಸಹ ಬಕೆಟ್ಟು ಕೆಳಗಿಟ್ಟು ನೋಡುತ್ತ ನಿಂತಳು.

ಭಾಗಮ್ಮ ಲಿಂಗವನ್ನು ನೋಡಿದಳು. ಹತ್ತಿರ ತಂದು ನೋಡಿದಳು. ಐವತ್ತು ವರ್ಷ ದಿನಕ್ಕೊಂದು ತಾಸು ನೋಡಿದ್ದು ಅದು.

"ಇದು ಯಾರದು?" ಎಂದಳು.

"ನಿಮ್ಮದೇರಿ ಅತ್ತಿ."

"ನಂದಲ್ಲ. ಪಾಪ, ಯಾರೋ ಕಳಕೊಂಡಾರ. ಕೊಟ್ಟು ಬಾ ಹೋಗು. ಹುಡುಕಾಡತಿರಬೇಕು ಅವರು."

ಅಂದು, ಬಲಗೈಯಿಂದ ಅದನ್ನು ಎತ್ತಿ ಸೊಸೆಗೆ ಕೊಟ್ಟು, ಎಡಗೈಯಿಂದ ಮತ್ತೆ ಎದೆ ಸವರತೊಡಗಿದಳು.

ಸೂಜಿ ನಿಲ್ಲಿಸಿದ ಮೇಲೆ ಇರುವೆಗಳು ಹೋದವು. ಗಂಗುಬಾಯಿ ಗಂಗುಬಾಯಿಯಾದಳು. ಎಂಟನೆಯ ದಿನ ಅನ್ನದ ಗಂಜಿ ಕುಡಿದು, "ಆಕಿ ಉಪ್ಪಿಟ್ಟು ತಿಂದಳೇನು?" ಎಂದಳು ಭಾಗಮ್ಮ. "ಯಾರ್ರಿ ಅತ್ತಿ? ಯಾರು?" ಎಂದು ಜಯಮಾಲಾ ಕೈ ಹಿಡಿದಳು. ಭಾಗಮ್ಮ ತುಂಬ ಹೊತ್ತು ಯೋಚಿಸಿ, "ಯಾರೋ" ಎಂದಳು. ಅಲ್ಲಿಗೇ ನಿಂತಿತು. ಆಮೇಲೆ ಹೆಚ್ಚು ಬರಲಿಲ್ಲ.

ಮನೆಗೆ ಕಳಿಸುವ ದಿನ ದೊಡ್ಡ ಡಾಕ್ಟರು ಹೊಲಿಗೆ ಬಿಚ್ಚಿ ಬಸವಕುಮಾರನಿಗೆ ತೋರಿಸಿದರು. "ನೋಡ್ರಿ, ಒಂದು ಹನಿ ಕೀವಿಲ್ಲ. ಫಸ್ಟ್ ಕ್ಲಾಸ್ ಕೂಡ್ಯದ."

"ತಲಿರಿ?" ಎಂದಳು ಜಯಮಾಲಾ.

"ವಯಸ್ಸಾತಲ್ಲ. ಅದು ಇರೂದೇ."

ಹೊರಬಾಗಿಲಲ್ಲಿ ಮೊಹಿನುದ್ದೀನ್ ಸಿಕ್ಕರು. ಜಯಮಾಲಾ ನಿಂತಳು. ಇಷ್ಟು ದಿನ ನುಂಗಿಕೊಂಡದ್ದನ್ನು ಕೇಳಿಯೇಬಿಟ್ಟಳು: "ಡಾಕ್ಟರೇ, ಸೂಜಿ ಬ್ಯಾಡಂತ ಹೇಳಿ ಕೈ ಕಟ್ಟಿಸಿದ್ರ ಈಕಿ ನೆಟ್ಟಗಿರತಿದ್ದಳೇನ್ರಿ?"

"ಸೂಜಿ ಒಂದರಿಂದನೇ ಆತು ಅಂತ ಹೇಳಾಕ ಬರಂಗಿಲ್ಲವ್ವಾ. ಕಟ್ಟಿದ್ರೂ ಕೆಡ್ತಾರ. ಎರಡೂ ಬ್ಯಾಡಾಗಿತ್ತು."

"ಮತ್ತ ಏನು ಮಾಡಬೇಕಿತ್ರಿ?"

"ಕೈ ಹಿಡ್ಕೊಂಡು ಕೂಡಬೇಕಿತ್ತು."

ಅವರು ಬೈಯಲು ಹೇಳಿದ್ದಲ್ಲ. ಆದರೆ ಆ ಐದು ದಿನ ತಾನು ಮಂಚದ ಕೆಳಗೆ ಎಷ್ಟು ಗಾಢವಾಗಿ ಮಲಗಿದ್ದೆ ಎಂಬುದು ಜಯಮಾಲಾಳಿಗೆ ಗೊತ್ತಿತ್ತು.

ಮನೀಷಾ ಆ ಸಲ ಸೆಕೆಂಡ್ ಕ್ಲಾಸಿನಲ್ಲಿ ಪಾಸಾದಳು. ಅಜ್ಜಿಯ ಬಾಯಿಗೆ ಪೇಢೆ ಇಟ್ಟಳು. "ನೀ ಯಾರ ಮಗಳವ್ವಾ?" ಎಂದು ಅಜ್ಜಿ ಪ್ರೀತಿಯಿಂದಲೇ ಕೇಳಿದಳು.

ನಾಲ್ಕು ವರ್ಷ ಹೀಗೆ ನಡೆಯಿತು. ಕೆಲವು ಮುಂಜಾನೆ ಭಾಗಮ್ಮ ಜೋಳ ಹಸನು ಮಾಡುತ್ತಿದ್ದಳು, ಹಳೆಯ ಹೆಸರೊಂದು ಹೇಳುತ್ತಿದ್ದಳು. ಕೊರಳಲ್ಲಿ ಲಿಂಗವಿತ್ತು, ಆದರೆ ಅವಳ ಪಾಲಿಗೆ ಅದು ಯಾರದೋ. ದಿನಾಲು ಅದನ್ನು ಬಿಚ್ಚಿ ಬಂದವರ ಕೈಗೆ ಕೊಡುತ್ತಿದ್ದಳು, ಹಾಲಿನವಳಿಗೆ, ಅಂಚೆಯವನಿಗೆ. ಅವರು ಕಣ್ಣಿಗೊತ್ತಿಕೊಂಡು ಜಯಮಾಲಾಳಿಗೆ ಮರಳಿಸುತ್ತಿದ್ದರು. ಬಸವಕುಮಾರ ಇದನ್ನು ನೋಡಲಾರದೆ ಅಂಗಡಿಯಲ್ಲೇ ಹೆಚ್ಚು ಹೊತ್ತು ಕೂಡತೊಡಗಿದ. ಅವನ ತಂದೆಯೂ ಹೀಗೆಯೇ ಹೊರಗೆ ಕೂತಿದ್ದ.

2001ರ ಮಳೆಗಾಲಕ್ಕೆ ಭಾಗಮ್ಮನ ತಲೆಯಲ್ಲಿ ಒಂದು ವಿಚಾರ ಹೊಕ್ಕಿತು. ಹೊಕ್ಕದ್ದು ಹೊರಬರಲಿಲ್ಲ. ಒಂದು ದಿನ ಸೀರೆ ಸರಿಸಿ ಹೊಟ್ಟೆಯ ಉದ್ದನೆಯ ಗಾಯದ ಗುರುತನ್ನು ಸೊಸೆಗೆ ತೋರಿಸಿದಳು.

"ಇಲ್ಲದ ನೋಡು. ನನ್ನ ಲಿಂಗ ಇದರೊಳಗಿಟ್ಟು ಹೊಲಿದು ಬಿಟ್ಟಾರ."

"ಇಲ್ರಿ ಅತ್ತಿ. ಕೊಳ್ಳಾಗದ ನೋಡ್ರಿ."

"ಅದು ಮಂದೀದು. ನಂದು ಒಳಗದ. ಹೊಡಕೊಳ್ಳಾಕತ್ತದ, ಕೈ ಇಟ್ಟು ನೋಡು."

ಅಂದಿನಿಂದ ಎಡಗೈಯ ಉಗುರಿನಿಂದ ಗಾಯ ಕೆದರಲು ಸುರು ಮಾಡಿದಳು. ಜಯಮಾಲಾ ಉಗುರು ತೆಗೆದಳು. ಬೆರಳಿನ ತುದಿಯಿಂದ ತಿಕ್ಕಿ ತಿಕ್ಕಿ ತೊಗಲು ಹೋಯಿತು. ಕೈಗೆ ಮನೀಷಾಳ ಹಳೆಯ ಸಾಕ್ಸ್ ತೊಡಿಸಿದಳು. ಭಾಗಮ್ಮ ಹಲ್ಲಿನಿಂದ ಕಿತ್ತು ಒಗೆದಳು. ಸೊಸೆ ಹೊಟ್ಟೆಗೆ ಪಟ್ಟಿ ಸುತ್ತಿದಳು, ಅತ್ತೆ ಬಿಚ್ಚಿದಳು. ಜಯಮಾಲಾ ಒಂದು ತಿಂಗಳು ರಜೆ ಹಾಕಿ, ಮೊಹಿನುದ್ದೀನ್ ಹೇಳಿದ ಹಾಗೆ ಕೈ ಹಿಡಿದುಕೊಂಡು ಕೂತಳು. ಹಿಡಿದಷ್ಟು ಹೊತ್ತು ಭಾಗಮ್ಮ ಸುಮ್ಮನಿರುತ್ತಿದ್ದಳು. ಒಲೆಯ ಮೇಲಿನ ಹಾಲು ನೋಡಲು ಎದ್ದರೆ ಸಾಕು, ತಿರುಗಿ ಬರುವಾಗ ಸೀರೆಗೆ ರಕ್ತ. ಮನೀಷಾ ಹುಮನಾಬಾದಿನಲ್ಲಿ ಟೀಚರ್ ಟ್ರೇನಿಂಗ್ ಓದುತ್ತಿದ್ದಳು, ಐತವಾರಕ್ಕೊಮ್ಮೆ ಬಂದು ಹಿಡಿದುಕೊಳ್ಳುತ್ತಿದ್ದಳು. ಉಳಿದ ಆರು ದಿನ ಹಿಡಿಯುವ ಕೈ ಒಂದೇ ಜೋಡಿ.

ಊರಿನ ಡಾಕ್ಟರು ಚೀಟಿ ಬರೆದರು. "ನಿದ್ದಿ ಗುಳಿಗಿ. ಮುಂಜಾನೆ ಅರ್ಧ, ಸಂಜಿಗೆ ಒಂದು. ಆರಾಮ ಬಿದ್ದಿರ್ತಾರ."

ಬಸವಕುಮಾರ ಗುಳಿಗೆ ತಂದೂ ಇಟ್ಟ. ಜಯಮಾಲಾ ಅದನ್ನು ಮೋರಿಗೆ ಸುರಿದಳು.

"ಮತ್ತೇನು ಮಾಡ್ತೀ?" ಎಂದ ಅವನು. "ಹಿಂಗೇ ಬಿಟ್ರ ಕರುಳು ಹೊರಗ ಬರ್ತದಂತ ಡಾಕ್ಟರ್ ಹೇಳಲಿಲ್ಲೇನು? ನೌಕರಿ ಬಿಡ್ತೀಯೇನು?"

"ನೀವು ಅರ್ಧಾ ದಿನ ಕೈ ಹಿಡ್ಕೊಂಡು ಕೂಡ್ರಿ. ಅರ್ಧಾ ದಿನ ನಾ ಕೂಡ್ತೀನಿ."

"ಅಂಗಡಿ ಯಾರು ನೋಡ್ತಾರ?"

ಅವಳು ಮತ್ತೆ ಕೇಳಲಿಲ್ಲ.

ಆಷಾಢದ ಕೊನೆಯ ಸೋಮವಾರ ಮೇಲಿನವರ ಕಾಗದ ಬಂತು. ಮಂಗಳವಾರದಿಂದ ಹಾಜರಾಗದಿದ್ದರೆ ಬೇರೆಯವರನ್ನು ನೇಮಿಸುತ್ತೇವೆ ಎಂದು ಅದರಲ್ಲಿತ್ತು. ಮಂಗಳವಾರ ಮುಂಜಾನೆ ಜಯಮಾಲಾ ಅತ್ತೆಗೆ ಜಳಕ ಮಾಡಿಸಿದಳು, ವಿಭೂತಿ ಹಚ್ಚಿದಳು, ಗಂಜಿ ಕುಡಿಸಿದಳು, ಗಾಯಕ್ಕೆ ಹೊಸ ಬಟ್ಟೆ ಕಟ್ಟಿದಳು. ಆಮೇಲೆ ತನ್ನ ಹಳೆಯ ನೂಲಿನ ಸೀರೆಯೊಂದನ್ನು ತೆಗೆದು, ಅಂಚು ಬಿಟ್ಟು, ಮೆತ್ತಗಿದ್ದ ಜಾಗ ನೋಡಿ ನಾಲ್ಕು ಬೆರಳಗಲ ಹರಿದಳು.

ಭಾಗಮ್ಮ ಸೊಸೆ ಮುಂದೆ ಬಂದು ಕೂತದ್ದು ನೋಡಿ, ಜಳಕವಾಗಿದೆ, ಹಣೆಗೆ ವಿಭೂತಿ ಇದೆ, ಇನ್ನೇನು ಪೂಜೆಯ ಹೊತ್ತು ಎಂದುಕೊಂಡಳೋ ಏನೋ, ತಾನಾಗಿಯೇ ಎಡಗೈ ಮುಂದೆ ಚಾಚಿದಳು. ಅಂಗೈ ತೆರೆದು, ನಡುವೆ ತುಸು ತಗ್ಗು ಮಾಡಿ.

"ತಂದೀಯೇನು?" ಎಂದಳು.

ಜಯಮಾಲಾ ಆ ಕೈಯನ್ನು ಮಂಚದ ಕಾಲಿಗೆ ಕಟ್ಟಿದಳು. ಬಲಗೈಯನ್ನೂ ಕಟ್ಟಿದಳು. ಗಂಟಿನೊಳಗೆ ಒಂದು ಬೆರಳು ಹೋಗುವಷ್ಟು ಸಡಿಲು ಇದೆಯೇ ಎಂದು ನೋಡಿದಳು. ರಿಜಿಸ್ಟರ್ ಚೀಲಕ್ಕೆ ಹಾಕಿಕೊಂಡು ಏಳೂವರೆಯ ಬಸ್ಸಿಗೆ ನಾರಾಯಣಪುರಕ್ಕೆ ಹೋದಳು.

ಇಪ್ಪತ್ತೆರಡು ವರ್ಷದ ಹಿಂದೆ ಕೊಟ್ಟ ಮಾತನ್ನು ಅವಳು ಮುರಿದಳು.